ಕರಿಗುಡ್ಡೆಯ ಸುರಂಗ ನಕ್ಷೆಗೆ ಬಂದ ವರ್ಷ

ಪುತ್ತೂರಿನಲ್ಲಿ ನಮ್ಮ ಮನೆಯ ಪಕ್ಕಕ್ಕೆ ಯಾರೋ ಮನೆ ಕಟ್ಟುತ್ತಿದ್ದಾರೆ. ಕೆಂಪುಕಲ್ಲಿನ ಗೋಡೆ ಎದೆಮಟ್ಟಕ್ಕೆ ಬಂದಿದೆ. ಸಂಜೆ ಕೆಲಸ ಬಿಡುವ ಮೊದಲು ಮೇಸ್ತ್ರಿ ಪೈಪು ಹಿಡಿದು ಗೋಡೆಗೆ ನೀರು ಬಿಡುತ್ತಾರೆ. ಇಡೀ ದಿನ ಬಿಸಿಲಿಗೆ ಕಾದ ಕಲ್ಲು ನೀರು ಕುಡಿಯುವಾಗ ಒಂದು ವಾಸನೆ ಏಳುತ್ತದೆ. ಅದು ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತೆಂದರೆ ನನ್ನ ಕೈ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೊನ್ನೆ ಹೀಗೆ ನಿಂತಾಗ ಒಗ್ಗರಣೆ ಕರಟಿ ಹೋಯಿತು. "ಎಂತ, ಪುನಃ ಸುರಂಗದ ಒಳಗೆ ಹೋದಿಯಾ?" ಎಂದು ನನ್ನ ಗಂಡ ಹೊರಗಿನಿಂದಲೇ ಕೇಳಿದರು. ಹೌದು, ಹೋಗಿದ್ದೆ.

ಹೆದ್ದಾರಿ ಅಗಲ ಮಾಡುವ ಯೋಜನೆಯ ಸರ್ವೆಗೆ ದುಡಿದ ಆ ವರ್ಷದ ಸುದ್ದಿ ನಾನು ತೆಗೆದರೆ ಮನೆಯವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಅಷ್ಟು ಸಲ ಹೇಳಿದ್ದೇನೆ. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಜಂಬ ಎನ್ನುವವರು ಎನ್ನಲಿ. ಆದರೆ ಜಂಬದ ಕತೆ ನನ್ನ ತಪ್ಪಿನಿಂದಲೇ ಶುರುವಾಗುವುದರಿಂದ ಅದನ್ನು ಮೊದಲು ಹೇಳಬೇಕಾಗುತ್ತದೆ. ಅಲ್ಲಿ ಮಾತ್ರ ನನ್ನ ದನಿ ಸ್ವಲ್ಪ ಸಣ್ಣದಾಗುತ್ತದೆ.

ಆಗ ನಾನು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಭೂಗೋಳ ಪಾಠ ಮಾಡುತ್ತಿದ್ದೆ. ಅತಿಥಿ ಎಂದ ಮೇಲೆ ಕೇಳಬೇಕೇ, ಆ ವರ್ಷ ಕರೆಯಲಿಲ್ಲ. ಮನೆಯಲ್ಲಿ ಕೂತು ಸಿಕ್ಕವರ ಮೇಲೆಲ್ಲ ಸಿಡುಕುತ್ತಿದ್ದಾಗ ಒಬ್ಬ ಹಳೆಯ ವಿದ್ಯಾರ್ಥಿ ಸುದ್ದಿ ತಂದ. ಪುತ್ತೂರಿನಿಂದ ಕೇರಳದ ಗಡಿಯ ಕಡೆಗೆ ಹೋಗುವ ಹೆದ್ದಾರಿಯನ್ನು ಅಗಲ ಮಾಡುತ್ತಾರೆ, ಪರಿಸರ ವರದಿ ತಯಾರಿಸುವ ಸಂಸ್ಥೆಗೆ ಮನೆಮನೆಗೆ ಹೋಗಿ ಮಾಹಿತಿ ತರುವವರು ಬೇಕಂತೆ, ಇಲ್ಲಿನ ಭಾಷೆಗಳೆಲ್ಲ ಬರಬೇಕಂತೆ. ನನ್ನ ತವರು ಸುಳ್ಯದ ಮರ್ಕಂಜ. ಮನೆಮಾತು ಅರೆಭಾಷೆ, ಪೇಟೆಯ ಮಾತು ತುಳು, ಓದಿದ್ದು ಕನ್ನಡ, ಹಾಸ್ಟೆಲಿನ ಗೆಳತಿಯರಿಂದ ಕಲಿತದ್ದು ಮಲಯಾಳ. ಸಂದರ್ಶನಕ್ಕೆ ಕೂತ ಇಂಜಿನಿಯರ್ ನನ್ನ ಅರ್ಜಿ ನೋಡಿ, "ನಾಕು ಭಾಷಾ ಬರ್ತಾವಂದ್ರ ನೀವು ಒಬ್ರ ಸಾಕು ಬಿಡ್ರಿ ಮೇಡಂ," ಎಂದರು.

ಇವರು ಹಿರೇಮಠ ಸರ್, ಧಾರವಾಡದ ಕಡೆಯವರು. ದಪ್ಪ ದೇಹ, ದಪ್ಪ ಕನ್ನಡಕ, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ಸಿಲ್. ನಮ್ಮ ಕಡೆಯ ಕುಚ್ಚಲಕ್ಕಿ ಅನ್ನ ಅವರಿಗೆ ಹಿಡಿಸಲಿಲ್ಲ, ಕೊನೆಯವರೆಗೂ ಹಿಡಿಸಲಿಲ್ಲ. ಆದರೆ ಕೆಲಸದಲ್ಲಿ ಗಟ್ಟಿ. ಮೊದಲ ದಿನವೇ ಫಾರಂನ ಕಟ್ಟನ್ನು ಕೈಗೆ ಕೊಟ್ಟು, "ರಸ್ತೆ ಹಾಕೋದು ಯಂತ್ರ. ಆದ್ರ ಅದು ಎಲ್ಲಿ ಹೋಗ್ಬೇಕು ಅನ್ನೋದನ್ನ ಈ ಹಾಳಿ ಹೇಳ್ತೈತಿ. ತಪ್ಪು ತುಂಬಿದ್ರ ತಪ್ಪು ಜಾಗಾದಾಗ ಹೋಗ್ತೈತಿ," ಎಂದಿದ್ದರು. ನನಗೆ ಇದನ್ನು ಹೇಳಬೇಕೇ ಎಂದು ಮನಸ್ಸಿನಲ್ಲೇ ಮೂತಿ ತಿರುವಿದ್ದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ದಿಕ್ಕಿನ ಬಾಣ ಹಾಕದವರಿಗೆ ಅರ್ಧ ಅಂಕ ಕಡಿಯುತ್ತಿದ್ದವಳು ನಾನು.

ಜನವರಿಯ ಚಳಿ ಮುಗಿಯುವ ಹೊತ್ತಿಗೆ ಹೊರಟೆವು. ತಲೆಗೆ ಟೊಪ್ಪಿ, ಹೆಗಲಿಗೆ ಚೀಲ, ಕಾಲಿಗೆ ಗಂಡನ ಹಳೆಯ ಶೂ. ನನ್ನ ಹಿಂದೆ ಮರಗಳಿಗೆ ಹಳದಿ ಬಣ್ಣದಲ್ಲಿ ಸಂಖ್ಯೆ ಬರೆಯುವವರು, ಮುಂದೆ ಬೊಗಳುವ ನಾಯಿಗಳು. ರಸ್ತೆ ಬದಿಯ ಜನ ನಮ್ಮನ್ನು ಕಂಡರೆ ಮೊದಲು ಹೆದರುತ್ತಿದ್ದರು. ಆಮೇಲೆ ಬೈಯುತ್ತಿದ್ದರು. ಅದೂ ಮುಗಿದ ಮೇಲೆ ಕೂತುಕೊಳ್ಳಲು ಚಾಪೆ ಹಾಕುತ್ತಿದ್ದರು. ನಮ್ಮ ಕಡೆ ಯಾರೇ ಮನೆಗೆ ಬರಲಿ, ಮೊದಲು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಅದಾಗದೆ ಮಾತಿಲ್ಲ. ಬೈದವರೂ ಬೆಲ್ಲ ಕೊಟ್ಟೇ ಬೈಯುತ್ತಿದ್ದರು. ಫೆಬ್ರವರಿ ಮುಗಿಯುವಾಗ ನಾನು ಆ ರಸ್ತೆಯ ಬೆಲ್ಲವನ್ನೆಲ್ಲ ತಿಂದವಳಾಗಿದ್ದೆ.

ವಾರಕ್ಕೊಂದು ಪಂಚಾಯತಿನಲ್ಲಿ ಸಭೆ. ಶಾಲೆಯ ಎದುರು ಮಕ್ಕಳು ದಾಟಲು ಎಂತ ಮಾಡ್ತೀರಿ, ದೈವದ ಕಟ್ಟೆಗೆ ಮುಟ್ಟುತ್ತೀರಾ, ಮಳೆನೀರು ನಮ್ಮ ತೋಟಕ್ಕೆ ನುಗ್ಗಿದರೆ ಯಾರ ತಲೆಗೆ. ಜನ ಕೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಬರೆದದ್ದು ಕೆಲವು ಕಡೆ ನಕ್ಷೆಯಲ್ಲಿ ಬದಲಾಗಿಯೂ ಬಂತು. ಒಂದು ಶಾಲೆಯ ಹಳೆಯ ಮಾವಿನ ಮರ ಉಳಿಯಿತು, ಒಂದು ಮೋರಿ ದೊಡ್ಡದಾಯಿತು. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಕರಿಗುಡ್ಡೆ ಇರುವುದು ಈಶ್ವರಮಂಗಲದ ಕಡೆಗೆ. ಅಲ್ಲಿ ರಸ್ತೆ ಗುಡ್ಡದ ಬುಡವನ್ನು ಸುತ್ತಿ ಹೋಗುತ್ತದೆ. ಎದುರಿನಿಂದ ಬರುವ ಬಸ್ಸು ಹತ್ತಿರ ಬರುವವರೆಗೆ ಕಾಣದಂಥ ತಿರುವು. ಅಪಘಾತಗಳೂ ಆಗಿದ್ದವು, ಜೀವವೂ ಹೋಗಿತ್ತು. ಗುಡ್ಡದ ಭುಜವನ್ನು ಕಡಿದು ರಸ್ತೆಯನ್ನು ನೇರ ಮಾಡುವುದೆಂದು ನಕ್ಷೆಯಲ್ಲಿತ್ತು. ಭುಜದ ಆಚೆ ಇಳಿಜಾರಿನಲ್ಲಿ ಒಂಬತ್ತು ಮನೆಗಳು. ಯಾವ ಮನೆಗೂ ರಸ್ತೆ ಮುಟ್ಟುವುದಿಲ್ಲ. ಆದರೂ ಅಕ್ಕಪಕ್ಕದ ಮನೆಗಳ ಫಾರಂ ತುಂಬಬೇಕಿತ್ತು.

ಅಲ್ಲಿಗೆ ಹೋದದ್ದು ಮಾರ್ಚಿನ ನಡುಮಧ್ಯಾಹ್ನ. ಗುಡ್ಡ ಹತ್ತುವಾಗ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮೊದಲ ಮನೆ ಕುಸುಮಾಳದ್ದು. ಮೂವತ್ತೈದರ ಆಸುಪಾಸಿನ ಹೆಂಗಸು, ಬೀಡಿ ಕಟ್ಟುತ್ತಾ ಜಗಲಿಯಲ್ಲಿ ಕೂತಿದ್ದಳು. ಎದ್ದು ಹೋಗಿ ತಂಬಿಗೆ ನೀರು ತಂದಳು. ಅಷ್ಟು ತಣ್ಣಗಿನ ನೀರನ್ನು ನಾನು ಆ ಬೇಸಿಗೆಯಲ್ಲಿ ಎಲ್ಲಿಯೂ ಕುಡಿದಿರಲಿಲ್ಲ. ಇನ್ನೊಂದು ತಂಬಿಗೆ ಕೇಳಿ ಕುಡಿದೆ. ಕುಡಿದು, ಬಾಯಿ ಒರೆಸಿಕೊಂಡು, ಪೆನ್ನು ತೆಗೆದೆ.

"ಬಾವಿ ಉಂಟಾ?"

"ಇಲ್ಲ ಅಕ್ಕ."

"ಬೋರ್‌ವೆಲ್?"

"ಎಲ್ಲಿಂದ? ಇಲ್ಲ."

"ಪಂಚಾಯತಿನ ನಳ್ಳಿ?"

"ನಳ್ಳಿ ಉಂಟು. ನೀರು ಬರುದಿಲ್ಲ."

ನಳ್ಳಿ ಎಂದು ಗುರುತು ಹಾಕಿದೆ. ಉಳಿದ ಎಂಟು ಮನೆಗಳಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಎಂಟು ಕಡೆಯೂ ನೀರು ಕುಡಿದೆ. ಬಾವಿ ಇಲ್ಲ, ಬೋರ್ ಇಲ್ಲ, ನಳ್ಳಿಯಲ್ಲಿ ನೀರು ಬರುವುದಿಲ್ಲ. ಹಾಗಾದರೆ ನೀನು ಈಗ ಕುಡಿದದ್ದು ಎಂತದು ಮಾರಾಯ್ತಿ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಅವರು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು. ಕೇಳದ್ದನ್ನು ಹೇಳುವ ಅಭ್ಯಾಸ ನಮ್ಮ ಜನಕ್ಕೆ ಇಲ್ಲ, ಅದೂ ಕಾಗದ ಹಿಡಿದು ಬಂದವರ ಎದುರು. ಸುರಂಗ ಎಂದರೆ ಗೊತ್ತಿಲ್ಲದ ಊರಿನವಳೇ ನಾನು? ನನ್ನ ಅತ್ತೆಯ ತವರಿನಲ್ಲಿ ಬಾವಿಯ ಬದಲು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿನಲ್ಲೇ ಅನ್ನ ಬೇಯುತ್ತದೆ. ಆದರೆ ಫಾರಂನಲ್ಲಿ ಸುರಂಗಕ್ಕೆ ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದು ನನ್ನ ಕಣ್ಣಿಗೆ ಬೀಳಲೂ ಇಲ್ಲ.

ಮೇ ತಿಂಗಳಲ್ಲಿ ಕರಡು ವರದಿಯನ್ನು ಪಂಚಾಯತಿನಲ್ಲಿ ಇಟ್ಟರು. ಯಾರು ಬೇಕಾದರೂ ನೋಡಬಹುದು, ಆಮೇಲೆ ಸಾರ್ವಜನಿಕ ಸಭೆಯಲ್ಲಿ ಆಕ್ಷೇಪ ಹೇಳಬಹುದು. ಸಭೆಗೆ ಐದು ದಿನ ಇರುವಾಗ ನನಗೆ ಫೋನು ಬಂತು. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನಾನೂ ತಿರುಗಿ ಜೋರು ಮಾಡುತ್ತಿದ್ದೆ.

"ಅಕ್ಕ, ನಾನು ಕರಿಗುಡ್ಡೆಯ ಕುಸುಮ. ನಮ್ಮಲ್ಲಿ ನೀರಿಲ್ಲ ಅಂತ ಬರ್ದದ್ದು ನೀವಾ?"

"ಹಾಗೆ ಎಲ್ಲಿ ಬರೆದಿದೆ?"

"ಪಂಚಾಯತಿನಲ್ಲಿ ಓದಿ ಹೇಳಿದ್ರು. ಗುಡ್ಡೆ ಕಡಿಯುವಲ್ಲಿ ನೀರಿನ ಮೂಲ ಎಂತದೂ ಇಲ್ಲ ಅಂತ ಉಂಟಂತೆ. ನೀವು ನಮ್ಮ ಮನೇಲಿ ಎರಡು ತಂಬಿಗೆ ಕುಡಿದಿದ್ರಿ ಅಕ್ಕ."

ಅಯ್ಯೋ ದೇವರೇ ಎಂದೆ, ಅಷ್ಟೇ. ಮರುದಿನ ಮೊದಲ ಬಸ್ಸಿಗೆ ಹೊರಟೆ.

ಸುರಂಗದ ಬಾಯಿ ಕುಸುಮಾಳ ಮನೆಯ ಹಿಂದೆಯೇ ಇತ್ತು, ಜರಿಗಿಡಗಳ ಮರೆಯಲ್ಲಿ. ಅದರಿಂದ ಬಂದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಒಂದು ಸಣ್ಣ ಟಾಂಕಿಗೆ ಬೀಳುತ್ತಿತ್ತು. ಅಲ್ಲಿಂದ ಒಂಬತ್ತು ಮನೆಗೆ ಒಂಬತ್ತು ಪೈಪು. ಪಕ್ಕದಲ್ಲಿ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡು ಐತಪ್ಪಣ್ಣ ನಿಂತಿದ್ದರು. ಒಂಬತ್ತರಲ್ಲಿ ಒಂದು ಮನೆಯವರು, ಎಪ್ಪತ್ತು ದಾಟಿದ ಮುದುಕ, ಬೆನ್ನು ಬಾಗಿದೆ, ಮುಂಗೈ ಮಾತ್ರ ಇನ್ನೂ ಕಬ್ಬಿಣ. ಈ ಸುರಂಗ ಕೊರೆದವರು ಅವರೇ. ಪ್ರಾಯದಲ್ಲಿ ಮೂರು ಬೇಸಿಗೆ, ಒಬ್ಬರೇ ಒಳಗೆ ಕೂತು ಪಿಕ್ಕಾಸಿನಿಂದ ಕಡಿದು, ಮಣ್ಣನ್ನು ಅಡಿಕೆ ಹಾಳೆಯಲ್ಲಿ ಎಳೆದು ತಂದದ್ದಂತೆ.

"ಐತಪ್ಪಣ್ಣ, ನೀವಾದರೂ ಆ ದಿನ ಹೇಳಬಾರದಿತ್ತಾ?" ಎಂದೆ. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಜಾಯಮಾನ.

"ನೀವು ಬಾವಿ ಕೇಳಿದ್ದು. ಬಾವಿ ಇಲ್ಲ," ಎಂದರು ಅವರು, ಏನೂ ಅನ್ನಿಸದವರಂತೆ. "ಬನ್ನಿ, ಒಳಗೆ ನೋಡಿ."

ತಲೆಗೆ ಟಾರ್ಚು ಕಟ್ಟಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ ಒಳಗೆ ನುಗ್ಗಿದೆ. ಎರಡೂ ಭುಜ ಗೋಡೆಗೆ ಉಜ್ಜುವಷ್ಟು ಅಗಲ. ಕಾಲಡಿಯಲ್ಲಿ ಪಾದ ಮುಳುಗುವಷ್ಟು ನೀರು. ಹೊರಗಿನ ಬಿಸಿಲು ಐದು ಹೆಜ್ಜೆಗೆ ಮರೆತು ಹೋಯಿತು. ಒದ್ದೆ ಕೆಂಪುಕಲ್ಲಿನ ವಾಸನೆ ಮೂಗಿಗೆ ಮಾತ್ರ ಅಲ್ಲ, ಗಂಟಲಿಗೂ ಇಳಿಯಿತು. ಗೋಡೆಯ ಉದ್ದಕ್ಕೂ ಪಿಕ್ಕಾಸಿನ ಗುರುತುಗಳು, ಒಂದರ ಪಕ್ಕ ಒಂದು, ಎಲ್ಲ ಒಂದೇ ಓರೆ. ಒಂದು ಕಡೆ ಸುರಂಗ ಎಡಕ್ಕೆ ತಿರುಗಿತು. ಅಲ್ಲಿ ಬಂಡೆ ಸಿಕ್ಕಿತ್ತಂತೆ, ಅದಕ್ಕೆ ತಿರುಗಿಸಿದ್ದು. ತುತ್ತತುದಿಯಲ್ಲಿ ಕಲ್ಲಿನ ಬಿರುಕಿನಿಂದ ನೀರು ಬೆವರಿನ ಹಾಗೆ ಜಿನುಗುತ್ತಿತ್ತು. ಕೈಯಿಟ್ಟೆ. ಮೇ ತಿಂಗಳ ಆ ಸುಡುಬಿಸಿಲಿನಲ್ಲಿ, ಊರಿಡೀ ಟ್ಯಾಂಕರ್‌ಗೆ ಕಾಯುವ ಹೊತ್ತಿನಲ್ಲಿ, ಗುಡ್ಡದ ಹೊಟ್ಟೆಯಲ್ಲಿ ನೀರಿತ್ತು. ನಾನು ಅದನ್ನು ಇಲ್ಲ ಎಂದು ಬರೆದು ಸಹಿ ಹಾಕಿದ್ದೆ. ಅಲ್ಲೇ ಕತ್ತಲೆಯಲ್ಲಿ ನಿಂತು ಅತ್ತೆ. ಯಾರೂ ನೋಡಲಿಲ್ಲ, ಅದೊಂದು ಪುಣ್ಯ.

ಈ ತುದಿ ಗುಡ್ಡದ ಮೇಲೆ ಎಲ್ಲಿಗೆ ಬರುತ್ತದೆ ಎಂಬುದು ಈಗ ಮುಖ್ಯ. ಕಡಿಯುವ ಗೆರೆಯ ಹೊರಗಿದ್ದರೆ ಬಚಾವ್. ಒಳಗಿದ್ದರೆ ಒಂಬತ್ತು ಮನೆಯ ನೀರಿನ ಕತೆ ಮುಗಿಯಿತು. ಐತಪ್ಪಣ್ಣ ಉದ್ದದ ಹಗ್ಗ ತಂದರು. ಒಳಗೆ ಬಾಯಿಯಿಂದ ತಿರುವಿನವರೆಗೆ ಎಳೆದು ಅಲ್ಲಿ ಒಂದು ಗಂಟು, ತಿರುವಿನಿಂದ ತುದಿಗೆ ಇನ್ನೊಂದು ಗಂಟು. ಅವರ ಲೆಕ್ಕ ಮೀಟರಿನದ್ದಲ್ಲ, ಕೋಲಿನದ್ದು. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಅದೇ ಹಗ್ಗವನ್ನು ಗುಡ್ಡದ ಮೇಲೆ ಅದೇ ದಿಕ್ಕಿಗೆ, ಅದೇ ತಿರುವು ಕೊಟ್ಟು ಹಾಸಿದೆವು. ಆಮೇಲೆ ಕುಸುಮ ಒಳಗೆ ಹೋಗಿ ತುದಿಯ ಕಲ್ಲಿಗೆ ಪಿಕ್ಕಾಸಿನ ಹಿಂಬದಿಯಿಂದ ಗುದ್ದಿದಳು. ಐತಪ್ಪಣ್ಣ ಮೇಲೆ ನೆಲಕ್ಕೆ ಕಿವಿಯಿಟ್ಟು ಮಲಗಿದರು. ಎರಡು ಹೆಜ್ಜೆ ಸರಿದು ಪುನಃ ಮಲಗಿದರು.

"ಇಲ್ಲಿ. ಕಿವಿ ಕೊಡಿ."

ಮುಳ್ಳು ಕಲ್ಲು ನೋಡದೆ ನಾನೂ ಮಲಗಿದೆ. ಬಹಳ ಕೆಳಗಿನಿಂದ ದಡ್, ದಡ್. ತಲೆಯೆತ್ತಿ ನೋಡಿದರೆ ಕಡಿಯುವ ಗೆರೆಗೆ ಸರ್ವೆಯವರು ಹಾಕಿದ ಹಳದಿ ಗೂಟ ನಮ್ಮ ಆಚೆಗಿತ್ತು. ನಾವು ಮಲಗಿದ್ದದ್ದು ಗೆರೆಯ ಒಳಗೆ, ಕಡಿಯುವ ಜಾಗದ ಸರಿಯಾಗಿ ನಡುವಿನಲ್ಲಿ.

ಹಿರೇಮಠ ಸರ್ ಪುತ್ತೂರಿನ ಆಫೀಸಿನಲ್ಲಿ ಚಪಾತಿ ಕಟ್ಟು ಬಿಚ್ಚುತ್ತಿದ್ದರು. ನಾನು ಹೇಳಿ ಮುಗಿಸಿದಾಗ ಕಟ್ಟನ್ನು ಹಾಗೆಯೇ ಮಡಚಿಟ್ಟರು.

"ವರದಿ ಹೋಗೇತ್ರಿ ಮೇಡಂ. ನಾನೂ ಸಹಿ ಮಾಡೀನಿ. ನಿಮ್ಮನ್ನ ನಂಬಿ ಮಾಡೀನಿ."

"ಗೊತ್ತುಂಟು ಸರ್. ಈಗ ತಿದ್ದಲಿಕ್ಕೆ ಆಗ್ತದಾ?"

"ಒಳಗಿಂದೊಳಗ ತಿದ್ದಾಕ ಬರೂದಿಲ್ಲ. ಸಭೆನ್ಯಾಗ ಯಾರರ ಎದ್ದು ಹೇಳಿದ್ರ ಅದು ದಾಖಲೆ ಆಗ್ತೈತಿ. ದಾಖಲೆ ಆದದ್ದಕ್ಕ ಉತ್ತರಾ ಕೊಡಬೇಕಾಗ್ತೈತಿ." ಜೇಬಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟು, "ಆ ಮನಿಯವ್ರು ಹೇಳಿದ್ರ ವರದಿಗೆ ವಿರುದ್ಧ ಅವರ ಮಾತು. ಫಾರಂ ತುಂಬಿದವ್ರ ಹೇಳಿದ್ರ ಕತಿನ ಬ್ಯಾರೆ. ಹೇಳ್ತೀರೇನ್ರಿ?" ಎಂದರು.

ಹೇಳಿದರೆ ಎಂತ ಆಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ತನ್ನ ಸರ್ವೆ ಸುಳ್ಳು ಎಂದು ಮೈಕಿನ ಎದುರು ಒಪ್ಪಿಕೊಂಡವಳಿಗೆ ಮುಂದಿನ ಕೆಲಸ ಯಾರು ಕೊಡುತ್ತಾರೆ? ಕಾಲೇಜಿನವರ ಕಿವಿಗೂ ಬೀಳುತ್ತದೆ. ಮನೆಯಲ್ಲಿ ಗಂಡನೊಡನೆ ಹೇಳಿದೆ. "ಬೇರೆಯವರ ತಪ್ಪಾಗಿದ್ರೆ ನೀನು ಸುಮ್ಮನೆ ಇರ್ತಿದ್ದಿಯಾ?" ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನನ್ನು ಮಾತಿನಲ್ಲಿ ಸೋಲಿಸಿದ್ದು ಅದೊಂದೇ ಸಲ.

ಸಭೆಯ ದಿನ ಸಭಾಭವನ ತುಂಬಿ ಜನ ಕಿಟಕಿಯಲ್ಲಿ ನಿಂತಿದ್ದರು. ವೇದಿಕೆಯ ಮೇಲೆ ಅಧ್ಯಕ್ಷತೆಯ ಅಧಿಕಾರಿ, ಪಕ್ಕದಲ್ಲಿ ಹಿರೇಮಠ ಸರ್. ಹೊರಗೆ ಮಳೆಗಾಲದ ಮೊದಲಿನ ಸೆಕೆ, ಒಳಗೆ ಅದಕ್ಕಿಂತ ಹೆಚ್ಚು. ಕುಸುಮ ಎದ್ದು ಸುರಂಗದ ವಿಷಯ ಹೇಳಿದಳು. ನಡುವೆ ನಿಲ್ಲಿಸದೆ ಪೂರ್ತಿ ಹೇಳಿದಳು. ಅವಳು ಕೂತ ಕೂಡಲೇ ಸಂಕಪ್ಪ ರೈಗಳು ಎದ್ದರು. ಕರಿಗುಡ್ಡೆಯ ತಿರುವಿನಲ್ಲಿ ರಸ್ತೆಯ ಕೆಳಬದಿಯ ಜಾಗ ಅವರದ್ದು. ರಸ್ತೆಗೆ ಮುಖ ಮಾಡಿ ಎರಡು ಅಂಗಡಿ, ಹಿಂದೆ ಅಂಗಳ, ಅದರ ಹಿಂದೆ ಮನೆ. ಗುಡ್ಡ ಕಡಿಯದಿದ್ದರೆ ರಸ್ತೆ ಅವರ ಬದಿಗೇ ಬರಬೇಕು.

"ತಿರುವಿನಲ್ಲಿ ಜನ ಸತ್ತದ್ದು ಮರ್ತು ಹೋಯ್ತಾ? ನನ್ನ ಅಂಗಡಿಯ ಎದುರೇ ಮೂರು ಸಲ ನಾನೇ ಎತ್ತಿದ್ದೇನೆ," ಎಂದು ಅವರು ವರದಿಯನ್ನು ಮೇಲೆತ್ತಿ ಹಿಡಿದರು. "ಇದ್ರಲ್ಲಿ ಸ್ಪಷ್ಟ ಉಂಟು ಮಾರಾಯ್ರೆ. ಮನೆಮನೆಗೆ ಹೋಗಿ ಕೇಳಿ ಬರ್ದದ್ದು. ಬಾವಿ ಇಲ್ಲ, ಬೋರ್ ಇಲ್ಲ. ಈಗ ಸಭೆಯ ದಿನ ಗುಡ್ಡೆಯೊಳಗೆ ಹೊಳೆ ಹುಟ್ಟಿದ್ದು ಎಲ್ಲಿಂದ?"

ಜನ ನಕ್ಕರು. ಕುಸುಮ ತಲೆ ತಗ್ಗಿಸಿದಳು. ಅದನ್ನು ನೋಡಿದ ಮೇಲೆ ನನ್ನಿಂದ ಕೂರಲಾಗಲಿಲ್ಲ. ಎದ್ದು ನಡೆದು ಹೋಗಿ ಮೈಕು ತೆಗೆದುಕೊಂಡೆ.

"ರೈಗಳೇ, ನೀವು ಹಿಡಿದಿರುವ ಪುಟ ಬರೆದದ್ದು ನಾನು. ಅದು ತಪ್ಪು. ಈ ಒಂಬತ್ತು ಮನೆಯಲ್ಲಿಯೂ ನಾನು ಸುರಂಗದ ನೀರು ಕುಡಿದಿದ್ದೇನೆ. ಕುಡಿದು, ನೀರು ಎಲ್ಲಿಂದ ಅಂತ ಕೇಳದೆ, ನೀರಿನ ಮೂಲ ಇಲ್ಲ ಅಂತ ಬರೆದಿದ್ದೇನೆ. ಅವರು ಸುಳ್ಳು ಹೇಳಿಲ್ಲ. ನಾನು ಕೇಳಲಿಲ್ಲ. ಮೊನ್ನೆ ಒಳಗೆ ಹೋಗಿ ಅಳತೆ ಮಾಡಿದ್ದೇವೆ. ಅದರ ತುದಿ ಕಡಿಯುವ ಗೆರೆಯ ಒಳಗೆ ಉಂಟು. ನನ್ನ ಹೆಸರು ವನಿತಾ, ಊರು ಮರ್ಕಂಜ. ಇದನ್ನು ಹಾಗೆಯೇ ಬರೆದುಕೊಳ್ಳಿ."

ಎಲ್ಲರೂ ಒಟ್ಟಿಗೇ ಮಾತಾಡಿದರು. ಹಾಗಾದರೆ ಉಳಿದದ್ದೆಲ್ಲ ಸರಿ ಅಂತ ಎಂತ ಗ್ಯಾರಂಟಿ ಎಂದು ಹಿಂದಿನಿಂದ ಒಬ್ಬರು ಕೂಗಿದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು, ಅದಕ್ಕೇ ಅದು ಹೆಚ್ಚು ನಾಟಿತು. ನಾನು ಮೈಕು ಬಿಡಲಿಲ್ಲ. ಅಧಿಕಾರಿ ಮೇಜು ಕುಟ್ಟಿ ಎಲ್ಲರನ್ನೂ ಕೂರಿಸಿ, ಎರಡೂ ಕಡೆಯವರನ್ನು ಸೇರಿಸಿ ಸ್ಥಳ ಪರಿಶೀಲನೆ ಆಗಬೇಕೆಂದು ಬರೆಸಿದರು. ವೇದಿಕೆಯಿಂದ ಇಳಿಯುವಾಗ ಹಿರೇಮಠ ಸರ್ ನನ್ನ ಪಕ್ಕ ಬಂದು, "ಛಲೋ ಹೇಳಿದ್ರಿ. ಈಗ ಊಟಾ ಮಾಡ್ರಿ, ಮಾರಿ ಬಿಳುಚೇತಿ," ಎಂದು ಹೋದರು.

ಪರಿಶೀಲನೆ ನಡೆದದ್ದು ಮಳೆ ಹಿಡಿಯುವ ಮುಂಚಿನ ವಾರ. ಹಿರೇಮಠ ಸರ್ ಸುರಂಗದೊಳಗೆ ತಾನೇ ಹೋಗುತ್ತೇನೆಂದು ಹಟ ಹಿಡಿದರು. ತಿರುವಿನಲ್ಲಿ ಅವರ ಹೊಟ್ಟೆ ಸಿಕ್ಕಿಕೊಂಡಿತು. ಹಿಂದಿನಿಂದ ಐತಪ್ಪಣ್ಣ, "ಉಸಿರು ಬಿಡಿ ಸರ್, ತಕ್ಕೊಳ್ಳಬೇಡಿ, ಬಿಡಿ," ಎನ್ನುವುದು ಹೊರಗೆ ನಿಂತ ನಮಗೆಲ್ಲ ಕೇಳುತ್ತಿತ್ತು. ಅರ್ಧ ಗಂಟೆಯ ಮೇಲೆ ಅವರು ಮೈಯೆಲ್ಲ ಕೆಂಪು ಮಾಡಿಕೊಂಡು ಹೊರಬಂದರು. ಕನ್ನಡಕ ಒರೆಸಿಕೊಳ್ಳದೆ ಐತಪ್ಪಣ್ಣನ ಎರಡೂ ಕೈ ಹಿಡಿದುಕೊಂಡು, "ಇಂಜಿನಿಯರಿಂಗ ನಾನು ಓದೀನಿ, ನೀವು ಮಾಡೀರಿ," ಎಂದರು. ಐತಪ್ಪಣ್ಣನಿಗೆ ಎಷ್ಟು ಅರ್ಥವಾಯಿತೋ, ತಲೆಯಲ್ಲಾಡಿಸಿದರು.

ಆಮೇಲೆ ಯಂತ್ರ ಇಟ್ಟು ಅಳೆದರು. ಮೂರು ಕಾಲಿನ ಯಂತ್ರ, ಅದರ ಕಣ್ಣು, ಅದರ ಲೆಕ್ಕ. ಸುರಂಗದ ತುದಿ ಬರುವ ಜಾಗಕ್ಕೆ ಅವರೊಂದು ಗೂಟ ಹೊಡೆದರು. ನಾವು ಹಗ್ಗ ಮತ್ತು ಕಿವಿಯಲ್ಲಿ ಗುರುತು ಮಾಡಿ ಇಟ್ಟಿದ್ದ ಕಲ್ಲು ಅಲ್ಲಿಂದ ಎರಡೇ ಹೆಜ್ಜೆ ದೂರದಲ್ಲಿತ್ತು. ನಾನು ಊರಿಗೆಲ್ಲ ಕೇಳುವ ಹಾಗೆ "ನೋಡಿ!" ಎಂದು ಕೂಗಿದೆ. ಕೂಗಿದ್ದು ಹೆಚ್ಚಾಯಿತು, ಆದರೂ ಕೂಗಿದೆ.

ರೈಗಳು ಇದೆಲ್ಲವನ್ನೂ ಕೈಕಟ್ಟಿ ನೋಡುತ್ತಿದ್ದರು. ಅವರ ಮುಖ ಬಿಗಿದಿತ್ತು. ಬಿಸಿಲಿಗೆ ಬೆವರು ಇಳಿಯುತ್ತಿತ್ತು. ಕುಸುಮ ಬಂದವರಿಗೆಲ್ಲ ನೀರು ಬೆಲ್ಲ ಹಂಚುತ್ತಾ ಬಂದವಳು ಅವರ ಎದುರು ಬಂದು ಒಂದು ಕ್ಷಣ ನಿಂತಳು. ತನ್ನನ್ನು ಸಭೆಯಲ್ಲಿ ನಗೆಗೀಡು ಮಾಡಿದ ಮನುಷ್ಯ. ಆಮೇಲೆ ತಂಬಿಗೆ ಮುಂದೆ ಹಿಡಿದಳು. "ಆಸರಿಗೆ ಕುಡೀರಿ ಧಣಿ," ಎಂದಳು. ರೈಗಳು ತಂಬಿಗೆ ತೆಗೆದುಕೊಂಡು ಗಟಗಟ ಕುಡಿದರು. ಅರ್ಧ ಕುಡಿದು ನಿಲ್ಲಿಸಿದರು. ಟಾಂಕಿಯ ಕಟ್ಟೆಯ ಮೇಲೆ ಕೂತರು.

"ಮಗಳ ಮದುವೆಗೆ ಇದೇ ನೀರಲ್ವಾ ಐತಪ್ಪ?" ಎಂದರು, ತಂಬಿಗೆಯೊಳಗೆ ನೋಡುತ್ತಾ.

"ಹೌದು," ಎಂದರು ಐತಪ್ಪಣ್ಣ.

ಆಮೇಲೆ ನನಗೆ ಗೊತ್ತಾದದ್ದು ಇಷ್ಟು. ಕೆಲವು ವರ್ಷಗಳ ಹಿಂದೆ ರೈಗಳ ಮಗಳ ಮದುವೆ ಮೇ ತಿಂಗಳಲ್ಲಿತ್ತು. ಚಪ್ಪರ ಹಾಕಿದ ದಿನವೇ ಅವರ ಮನೆಯ ಬಾವಿ ತಳ ಕಂಡಿತು. ಈ ಒಂಬತ್ತು ಮನೆಯವರು ತಮ್ಮ ಪೈಪುಗಳನ್ನು ಬಂದ್ ಮಾಡಿ, ನಾಲ್ಕು ದಿನ ಸುರಂಗದ ನೀರನ್ನು ಗುಡ್ಡದಿಂದ ಕೆಳಗೆ ಮದುವೆಮನೆಗೆ ಬಿಟ್ಟಿದ್ದರು. ಇಷ್ಟು ದಿನದ ಗಲಾಟೆಯಲ್ಲಿ ಕುಸುಮ ಅದನ್ನು ಎತ್ತಲಿಲ್ಲ, ಐತಪ್ಪಣ್ಣ ಎತ್ತಲಿಲ್ಲ, ಉಳಿದ ಯಾರೂ ಎತ್ತಲಿಲ್ಲ. ನಾನಾಗಿದ್ದರೆ ಮೊದಲ ದಿನವೇ ಎತ್ತಿ ಮುಖಕ್ಕೆ ಹಿಡಿಯುತ್ತಿದ್ದೆ. ಆ ಜನರ ಬಗ್ಗೆ ನನಗಿರುವ ಹೆಮ್ಮೆ ನನ್ನ ಬಗ್ಗೆ ಇರುವುದಕ್ಕಿಂತ ದೊಡ್ಡದು, ಇದನ್ನು ಮುಚ್ಚಿಡದೆ ಹೇಳುತ್ತೇನೆ.

ಹಿರೇಮಠ ಸರ್ ಟಾಂಕಿಯ ಕಟ್ಟೆಯ ಮೇಲೆಯೇ ನಕ್ಷೆ ಹರಡಿ ಪೆನ್ಸಿಲ್ ತೆಗೆದರು. ಗುಡ್ಡದ ಭುಜ ಮುಟ್ಟುವುದು ಬೇಡ. ಕೆಳಬದಿಗೆ ತಡೆಗೋಡೆ ಕಟ್ಟಿ ರಸ್ತೆಯನ್ನು ಆ ಕಡೆಗೆ ಅಗಲ ಮಾಡಿದರೆ ತಿರುವು ಪೂರ್ತಿ ನೇರವಾಗದಿದ್ದರೂ ಎದುರಿನ ಬಸ್ಸು ದೂರದಿಂದಲೇ ಕಾಣುತ್ತದೆ. ರೈಗಳ ಎರಡೂ ಅಂಗಡಿ ಹೋಗುತ್ತವೆ, ಅಂಗಳ ಅರ್ಧ ಹೋಗುತ್ತದೆ, ಮನೆ ಉಳಿಯುತ್ತದೆ. ಹೇಳಿ ಮುಗಿಸಿ ಅವರು ರೈಗಳ ಮುಖ ನೋಡಿದರು. ನಾವೆಲ್ಲರೂ ನೋಡಿದೆವು. ಕಾಗದದಲ್ಲಿ ಬರೆದುಕೊಳ್ಳಲು ನಾನು ಪೆನ್ನು ಹಿಡಿದಿದ್ದೆ.

"ಒಪ್ಪಿಗೆ ಉಂಟು ಅಂತ ಬರೀಬೇಡಿ," ಎಂದರು ರೈಗಳು ನನಗೆ, ಗದರಿಸಿದ ಹಾಗೆ. "ಒಪ್ಪಿಗೆ ಇಲ್ಲ. ಅಂಗಡಿ ನನ್ನ ಅಪ್ಪ ಕಟ್ಟಿಸಿದ್ದು. ಆಕ್ಷೇಪ ಇಲ್ಲ ಅಂತ ಬೇಕಾದ್ರೆ ಬರೀರಿ."

ಹಾಗೆಯೇ ಬರೆದೆ. ಅವರು ಓದಿ ನೋಡಿ ಸಹಿ ಹಾಕಿದರು. ಯಾರ ಮುಖವನ್ನೂ ನೋಡದೆ ಗುಡ್ಡ ಇಳಿದು ಹೋದರು. ಅವರೊಂದಿಗೆ ನಾಲ್ಕು ಒಳ್ಳೆಯ ಮಾತಾಡಬೇಕೆಂದು ಹಿಂದೆ ಓಡಿದೆ. "ಹೋಗಿ ನಿಮ್ಮ ಕೆಲಸ ನೋಡಿ ಮಾರಾಯ್ತಿ," ಎಂದರು. ಅವರು ಹೇಳಿದ್ದು ಸರಿಯೇ, ಅವರ ನಷ್ಟಕ್ಕೆ ನನ್ನ ಹೊಗಳಿಕೆ ಯಾತಕ್ಕೆ ಬೇಕು?

ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಕಾದಿದ್ದೆ. ಹಿರೇಮಠ ಸರ್ ಮತ್ತೊಂದು ಫಾರಂನ ಕಟ್ಟು ತಂದು ಮೇಜಿನ ಮೇಲೆ ಹಾಕಿದರು. ಹಳೆಯ ಫಾರಂ, ಕೊನೆಗೆ ಅವರ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿತ್ತು. ಈ ಮನೆಯವರು ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕಣ್ಣಾರೆ ನೋಡಿ ಬರೆಯಿರಿ. "ಪುತ್ತೂರಿಂದ ಗಡಿತನಕಾ ಮತ್ತ ಶುರು ಮಾಡ್ರಿ," ಎಂದರು. ಆ ಮಳೆಗಾಲ ಪೂರ್ತಿ ನಾನು ಕೊಡೆ ಹಿಡಿದು ನಡೆದೆ. ಒಮ್ಮೆ ಹೋದ ಮನೆಗಳಿಗೇ ಪುನಃ ಹೋಗಿ, ಜಿಗಣೆ ಕಚ್ಚಿಸಿಕೊಂಡು, ಹಿತ್ತಿಲಿಗೆ ಇಳಿದು ನೋಡಿದೆ. "ಎಂತ ಮೇಡಂ, ಮೊದಲ ಸಲ ಬೆಲ್ಲ ಸಾಕಾಗ್ಲಿಲ್ವಾ?" ಎಂದು ತಮಾಷೆ ಮಾಡಿದವರಿಗೆ ಲೆಕ್ಕವಿಲ್ಲ. ಇನ್ನೂ ಕೆಲವು ಕಡೆ ಸುರಂಗಗಳು ಸಿಕ್ಕಿದವು. ಒಂದು ಕಡೆ ಬಂಡೆಯ ಅಡಿಯಲ್ಲಿ ಊರವರೆಲ್ಲ ಬಳಸುವ ಒರತೆ ಸಿಕ್ಕಿತು, ಅದನ್ನೂ ಮೊದಲ ಸಲ ನಾನು ಬಿಟ್ಟಿದ್ದೆ. ಬಿಟ್ಟದ್ದನ್ನು ಬಿಟ್ಟದ್ದೆಂದೇ ಬರೆದೆ.

ಅಂತಿಮ ನಕ್ಷೆ ಪಂಚಾಯತಿಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಹಿರೇಮಠ ಸರ್ ಐತಪ್ಪಣ್ಣನಿಗೆ ಹೇಳಿಕಳುಹಿಸಿದ್ದರು. ಅವರು ತೊಳೆದ ಬಿಳಿ ಅಂಗಿ ಹಾಕಿಕೊಂಡು ಕುಸುಮಾಳ ಜೊತೆ ಬಂದರು. ಅವರಿಗೆ ಅಕ್ಷರ ಬರುವುದಿಲ್ಲ. ಮೇಜಿನ ಮೇಲೆ ಹರಡಿದ ಆ ದೊಡ್ಡ ಹಾಳೆಯಲ್ಲಿ ಕರಿಗುಡ್ಡೆ ಎಲ್ಲಿ ಎಂದು ನಾನು ತೋರಿಸಿದೆ. ರಸ್ತೆಯ ಎರಡು ಕಪ್ಪು ಗೆರೆ ಗುಡ್ಡವನ್ನು ಮುಟ್ಟದೆ ಕೆಳಬದಿಗೆ ಸರಿದು ಹೋಗಿದ್ದವು. ಗುಡ್ಡದೊಳಗೆ ನೀಲಿ ಚುಕ್ಕೆಗಳ ಸಣ್ಣ ಗೆರೆ. ಐತಪ್ಪಣ್ಣ ಬೆರಳು ಆ ಗೆರೆಯ ಬಾಯಿಯ ಮೇಲಿಟ್ಟು ನಿಧಾನವಾಗಿ ಒಳಗೆ ಸಾಗಿಸಿದರು. ತಿರುವಿನಲ್ಲಿ ಬೆರಳು ಎಡಕ್ಕೆ ಹೊರಳಿತು. ತುದಿಗೆ ಬಂದು ನಿಂತಿತು.

"ಇಲ್ಲಿ ಬರ್ದದ್ದು ಎಂತ?" ಎಂದು ಪಕ್ಕದ ಸಣ್ಣ ಅಕ್ಷರ ತೋರಿಸಿದರು.

ಓದಿದೆ. "ಸುರಂಗ. ಒಂಬತ್ತು ಮನೆಗಳ ಕುಡಿಯುವ ನೀರಿನ ಮೂಲ. ಕೊರೆದವರು ಐತಪ್ಪ. ಇದರ ಮೇಲೆ ಮತ್ತು ಸುತ್ತ ಅಗೆಯಬಾರದು."

"ಇನ್ನೊಮ್ಮೆ ಓದಿ."

ಇನ್ನೊಮ್ಮೆ ಓದಿದೆ. ಕುಸುಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಐತಪ್ಪಣ್ಣನ ಕಣ್ಣು ನಕ್ಷೆಯ ಮೇಲೆಯೇ ಇತ್ತು.

"ಯಾರು ಬರ್ದದ್ದು ಇದು?"

"ನಾನೇ ಐತಪ್ಪಣ್ಣ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಈ ಸಲ ಕೇಳಿ ಬರ್ದಿದ್ದೀರಿ," ಎಂದರು.

ಹಿರೇಮಠ ಸರ್ ಪೆನ್ನು ನನ್ನ ಕೈಗೆ ಕೊಟ್ಟರು. ಮಾಹಿತಿ ತಂದವರ ಸಹಿಗೆ ಬಿಟ್ಟ ಜಾಗದಲ್ಲಿ ನಾನು ಹೆಸರನ್ನೂ ಊರನ್ನೂ ಪೂರ್ತಿ ಬರೆದೆ.